‘ಗೀಜಗನ ಸಂಸಾರ’ ಬರೆದವರಿಗೆ

ಪ್ರಿಯ ಬರಹಗಾರರೆ,

ನಿಮ್ಮ ‘ಗೀಜಗನ ಸಂಸಾರ’ ಲೇಖನ ಕೈಸೇರಿ ಮೂರು ವಾರ ಆಯಿತು. ಸಾಮಾನ್ಯವಾಗಿ ನಾನು ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ಇದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಓದಿ ಖುಷಿಯಾಯಿತು, ಖುಷಿಗಿಂತ ಜಾಸ್ತಿ ಸಿಟ್ಟು ಬಂತು.

ಭಾಷೆ ಚೆನ್ನಾಗಿದೆ. ಪಾಂಡವಪುರದ ಕಡೆಯ ನಿಮ್ಮ ಗದ್ದೆ, ಬಾವಿ, ಬಾವಿ ಮೇಲೆ ಬಾಗಿದ ಈಚಲು ಮರ ಕಣ್ಣಿಗೆ ಕಟ್ಟುತ್ತವೆ. ಗಂಡು ಗೀಜಗ ಕಬ್ಬಿನ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಆ ತುದಿ ಹಿಡಿದು ಹಾರಿದಾಗ ಗರಿ ಸರ್ರನೆ ಸೀಳುವ ಸದ್ದು ಬರೆದಿದ್ದೀರಿ. ಹತ್ತಿರ ಕೂತು ಕೇಳಿದವರಿಗೆ ಮಾತ್ರ ಅದು ಗೊತ್ತಿರುತ್ತದೆ.

ಈಗ ಎರಡನೇ ಪುಟ. ಅಲ್ಲಿ ಹೀಗಿದೆ: ‘ಹೆಣ್ಣು ಒಮ್ಮೆ ಮನೆ ಒಪ್ಪಿದರೆ ಸಾಕು, ಗಂಡು ಗೀಜಗ ಬಾಳಿನುದ್ದಕ್ಕೂ ಅವಳಿಗೇ ನಿಷ್ಠ.’

ಇದನ್ನು ಓದಿ ಮೊದಲ ಪುಟಕ್ಕೆ ವಾಪಸ್ ಹೋದೆ. ಅಲ್ಲಿ ನೀವೇ ಬರೆದಿದ್ದೀರಿ: ‘ಹೆಣ್ಣು ಒಳಗೆ ಕೂತ ಮೇಲೆ, ಅದೇ ಗಂಡು ಪಕ್ಕದ ಗರಿಗೆ ಹೊಸ ಗಂಟು ಹಾಕುತ್ತಿತ್ತು.’ ಆ ಹೊಸ ಗಂಟು ಯಾರಿಗೆ? ನೀವು ಕೇಳಲೇ ಇಲ್ಲ. ಅದು ಇನ್ನೊಂದು ಹೆಣ್ಣಿಗೆ. ಗಂಡು ಗೀಜಗ ಗೂಡನ್ನು ಪೂರ್ತಿ ಕಟ್ಟಿ ಕಾಯುವುದಿಲ್ಲ. ಎಂಟು ದಿನದಷ್ಟು ದುಡಿದು, ತಲೆಗೆ ಹಾಕುವ ಹೆಲ್ಮೆಟ್ಟಿನಂತೆ ಕಾಣುವ ಅರ್ಧ ಗೂಡಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ನೇತಾಡಿ, ರೆಕ್ಕೆ ಬಡಿದು, ಕಿಚಕಿಚ ಅನ್ನುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು, ಕುಕ್ಕಿ ನೋಡುತ್ತದೆ. ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆ, ಉದ್ದದ ಕೊಳವೆ ಆಗುತ್ತವೆ. ಒಟ್ಟು 18 ದಿನದ ಕೆಲಸ, 500ರವರೆಗೂ ಹಾರಾಟ. ಆಮೇಲೆ ಹೆಣ್ಣೊಂದೇ ಕಾವು ಕೂರುತ್ತದೆ, ಗಂಡು ಮುಂದಿನ ಅರ್ಧ ಗೂಡಿಗೆ ಹೋಗುತ್ತದೆ. ಅದು ಒಪ್ಪಿಗೆಯಾದರೆ ಅದರಾಚೆ ಇನ್ನೊಂದಕ್ಕೆ.

ನಿಮ್ಮ ಕಣ್ಣು ಸರಿಯಾಗಿ ನೋಡಿತ್ತು. ಬರೆಯುವಾಗ ನೀವು ಕಣ್ಣನ್ನು ನಂಬದೆ ಲಗ್ನಪತ್ರಿಕೆಯ ಮಾತನ್ನು ನಂಬಿದಿರಿ. ನನಗೆ ನೋವಾಗಿದ್ದು ಇದಕ್ಕೆ.

‘ನಿಷ್ಠೆ’ ಅನ್ನುವ ಪದ ಜೋಡಿಯಾಗಿ ಬಾಳುವ ಹಕ್ಕಿಗಳಿಗೂ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಕ್ಕಿಗಳಲ್ಲಿ ನೂರಕ್ಕೆ ಸುಮಾರು 90 ಜಾತಿಗಳು ಜೋಡಿಯಾಗಿಯೇ ಮರಿ ಸಾಕುತ್ತವೆ. 1980ರ ದಶಕದ ಕೊನೆಗೆ ಮರಿಗಳ ಡಿಎನ್‌ಎ ನೋಡುವುದು ಶುರುವಾಯಿತು. ಎಷ್ಟೋ ಗೂಡುಗಳಲ್ಲಿ ಮೇವು ತರುವ ಗಂಡೇ ಎಲ್ಲ ಮರಿಗಳ ಅಪ್ಪ ಅಲ್ಲ ಅಂತ ಗೊತ್ತಾಯಿತು. ಜೊತೆಗಿರುವುದು ಒಂದು, ಮರಿ ಯಾರದು ಅನ್ನುವುದು ಇನ್ನೊಂದು.

ಮೂರನೇ ಪುಟದ ಸಾಲು ಇನ್ನೂ ಕಷ್ಟದ್ದು: ‘ಕಾಳು ಎಲ್ಲರಿಗೂ ಸಾಲಲಿ ಎಂದು, ತನ್ನ ಕುಲದ ಹಿತ ಬಯಸಿ, ಹೆಣ್ಣು ಎರಡೋ ಮೂರೋ ಮೊಟ್ಟೆಗೆ ನಿಲ್ಲಿಸುತ್ತದೆ.’

ಓದಲು ಎಷ್ಟು ಚೆಂದ ಅಲ್ವಾ? ಒಂದು ಲೆಕ್ಕ ಹಾಕಿ. ನಿಮ್ಮ ಈಚಲಿನಲ್ಲಿ ಇಪ್ಪತ್ತು ಹೆಣ್ಣು ಗೀಜಗ ಇವೆ ಅಂದುಕೊಳ್ಳಿ. ಹತ್ತೊಂಬತ್ತು ಕುಲದ ಚಿಂತೆಯಲ್ಲಿ ಎರಡೆರಡೇ ಇಡುತ್ತವೆ. ಒಂದಕ್ಕೆ ಆ ಚಿಂತೆ ಇಲ್ಲ. ಅದು ನಾಲ್ಕಿಟ್ಟು ನಾಲ್ಕನ್ನೂ ದೊಡ್ಡದು ಮಾಡುತ್ತದೆ. ಅದರ ಹೆಣ್ಣುಮರಿಗಳೂ ತಾಯಿಯ ಹಾಗೇ. ಹತ್ತು ಮಳೆಗಾಲ ಕಳೆಯಲಿ. ಆ ಮರದ ತುಂಬ ಯಾರ ಮೊಮ್ಮಕ್ಕಳು ಇರುತ್ತಾರೆ? ತ್ಯಾಗ ಮಾಡಿದವರದು ಅಲ್ಲವೇ ಅಲ್ಲ.

ಹಾಗಾದರೆ ಹತ್ತು ಮೊಟ್ಟೆ ಯಾಕೆ ಇಡುವುದಿಲ್ಲ? ಸಾಕಲು ಆಗುವುದಿಲ್ಲ, ಅಷ್ಟೇ. ಹುಳ ತಂದು ಉಣಿಸುವ ಕೆಲಸ ಬಹುಪಾಲು ಒಂದೇ ಹೆಣ್ಣಿನ ಮೇಲೆ. ಬಾಯಿ ಹೆಚ್ಚಾದಷ್ಟೂ ಮರಿ ಬಡಕಲಾಗುತ್ತವೆ. ತಾಯಿಯೂ ಮುಂದಿನ ಮಳೆಗಾಲದವರೆಗೆ ಬದುಕಿರಬೇಕು. ಹಕ್ಕಿ ಎಷ್ಟು ಮರಿ ಸಾಕಬಲ್ಲದೋ ಅಷ್ಟಕ್ಕೆ ಮೊಟ್ಟೆಯ ಲೆಕ್ಕ ನಿಲ್ಲುತ್ತದೆ ಅಂತ 1947ರಲ್ಲೇ ಹಕ್ಕಿ ವಿಜ್ಞಾನಿ ಡೇವಿಡ್ ಲ್ಯಾಕ್ ವಾದಿಸಿದರು. 1962ರಲ್ಲಿ ವಿನ್-ಎಡ್ವರ್ಡ್ಸ್ ಅನ್ನುವ ದೊಡ್ಡ ವಿಜ್ಞಾನಿ ನೀವು ಬರೆದ ಮಾತನ್ನೇ ಹೇಳಿದ್ದರು: ಪ್ರಾಣಿಗಳು ಗುಂಪಿನ ಹಿತಕ್ಕಾಗಿ ತಮ್ಮ ಸಂಖ್ಯೆಗೆ ತಾವೇ ಕಡಿವಾಣ ಹಾಕುತ್ತವೆ ಅಂತ. 1966ರಲ್ಲಿ ಜೀವವಿಕಾಸದ ವಿಜ್ಞಾನಿ ಜಾರ್ಜ್ ವಿಲಿಯಮ್ಸ್ ಆ ವಾದವನ್ನು ಎಳೆಎಳೆಯಾಗಿ ಬಿಡಿಸಿ ನೋಡಿ, ಅದು ನಿಲ್ಲುವುದಿಲ್ಲ ಅಂದರು. ನೀವು ಎಡವಿದ ಜಾಗದಲ್ಲಿ ದೊಡ್ಡವರೂ ಎಡವಿದ್ದಾರೆ. ನಾನೂ ಎಡವಿದ್ದೇನೆ.

ಆಗ ನನಗೆ ಇಪ್ಪತ್ತಮೂರು ವರ್ಷ, ಮೈಸೂರಿನಲ್ಲಿ ರೂಮು ಮಾಡಿಕೊಂಡಿದ್ದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಂದು ಭಾನುವಾರ ಹೋಗಿ ಬಂದು, ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಬಗ್ಗೆ ಆರು ಪುಟ ಬರೆದೆ. ಅದರಲ್ಲೊಂದು ಸಾಲು: ‘ಬಲಿಷ್ಠ ಮರಿ ಉಳಿಯಲೆಂದು ತಾಯಿ ದುರ್ಬಲ ಮರಿಯನ್ನು ತ್ಯಾಗ ಮಾಡುತ್ತಾಳೆ.’ ಬರೆದ ರಾತ್ರಿ ನಿದ್ದೆ ಬರದಷ್ಟು ಹೆಮ್ಮೆಪಟ್ಟಿದ್ದೆ. ಲೇಖನ ವಾಪಸ್ ಬಂತು. ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಎರಡೇ ಪದ: ‘ನೀವು ನೋಡಿದಿರಾ?’

ನೋಡಿರಲಿಲ್ಲ. ಎಲ್ಲೋ ಓದಿದ್ದೆ, ಅದಕ್ಕೆ ‘ತಾಯಿ’, ‘ತ್ಯಾಗ’ ಸೇರಿಸಿದ್ದೆ. ಫೆಬ್ರವರಿಯಲ್ಲಿ ಮತ್ತೆ ಬಸ್ಸು ಹತ್ತಿದೆ. ಒಂದು ಮನೆಯ ಜಗುಲಿಯಲ್ಲಿ ಎರಡು ದಿನ ಕೂತು ಎದುರಿನ ಹುಣಸೆ ಮರದ ಒಂದೇ ಗೂಡು ನೋಡಿದೆ. ಎರಡು ಮರಿ, ಒಂದು ದೊಡ್ಡದು, ಒಂದು ಚಿಕ್ಕದು. ಮೊಟ್ಟೆಗಳು ಒಂದೇ ದಿನ ಒಡೆದಿರುವುದಿಲ್ಲ, ಮೊದಲು ಹುಟ್ಟಿದ್ದು ಮುಂದಿರುತ್ತದೆ. ದೊಡ್ಡ ಹಕ್ಕಿ ಬಂದು ಕೂತ ಕೂಡಲೇ ದೊಡ್ಡ ಮರಿ ಎದೆ ಮುಂದೆ ಮಾಡಿ, ಕತ್ತಿನವರೆಗೂ ತಲೆಯನ್ನು ಅದರ ಕೊಕ್ಕಿನ ಚೀಲದೊಳಗೆ ತುರುಕುತ್ತಿತ್ತು. ಚಿಕ್ಕದು ಹಿಂದಿನಿಂದ ನುಗ್ಗಲು ನೋಡಿ, ಕೊಕ್ಕಿನ ಏಟು ತಿಂದು, ಗೂಡಿನ ಅಂಚಿಗೆ ಸರಿಯುತ್ತಿತ್ತು. ದೊಡ್ಡ ಹಕ್ಕಿ ಯಾವ ಮರಿಯನ್ನೂ ಆರಿಸಲಿಲ್ಲ, ಯಾವುದನ್ನೂ ತಳ್ಳಲಿಲ್ಲ. ಬಾಯಿ ತೆರೆದು ನಿಂತಿತ್ತು. ಮೀನು ಜಾಸ್ತಿ ತಂದ ಸಲ ಚಿಕ್ಕದಕ್ಕೂ ಸಿಕ್ಕಿತು. ಕಡಿಮೆ ತಂದ ಸಲ ಸಿಗಲಿಲ್ಲ. ಬಂದು ಕೂತದ್ದು ತಾಯಿಯೋ ತಂದೆಯೋ, ಅದೂ ನನಗೆ ತಿಳಿಯಲಿಲ್ಲ. ಹೆಜ್ಜಾರ್ಲೆಯಲ್ಲಿ ಇಬ್ಬರೂ ಉಣಿಸುತ್ತಾರೆ. ನನ್ನ ಸಾಲಿನಲ್ಲಿ ಒಂದು ಪದವೂ ಉಳಿಯಲಿಲ್ಲ.

ಆ ಊರಿನವರು ಮರದಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ಹಾಕಿ ಸಾಕುತ್ತಾರೆ. ತ್ಯಾಗ, ಕರುಣೆ ಅನ್ನುವ ಪದ ಬಳಸಲೇಬೇಕಿದ್ದರೆ ಅವರ ಬಗ್ಗೆ ಬಳಸಬಹುದಿತ್ತು. ಅದು ಆಗ ನನಗೆ ಹೊಳೆಯಲಿಲ್ಲ.

ನಿಮ್ಮ ಕೊನೆಯ ಪುಟದ ದೇವನಕ್ಕಿಯ ಬಗ್ಗೆಯೂ ಹೇಳಲೇಬೇಕು. ನಾಲೆ ಪಕ್ಕದ ಕೆರೆಯಲ್ಲಿ ತಾವರೆ ಎಲೆಯ ಮೇಲೆ ನಡೆಯುವ ಉದ್ದ ಬಾಲದ ಹಕ್ಕಿಯನ್ನು ನೋಡಿ, ಅದರ ಹೆಣ್ಣನ್ನು ‘ನಾಚಿಕೆ ಬಿಟ್ಟವಳು, ಮಕ್ಕಳನ್ನು ಗಂಡನ ತಲೆಗೆ ಕಟ್ಟಿ ಹೋಗುವವಳು’ ಅಂತ ಬರೆದಿದ್ದೀರಿ. ಈ ಸಾಲನ್ನು ನಾನು ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ಅದೇ ಲೇಖನದ ಗಂಡು ಗೀಜಗ ಒಂದಾದ ಮೇಲೊಂದು ಹೆಣ್ಣಿಗೆ ಗೂಡು ಕಟ್ಟಿದರೆ ಅವನು ‘ಕಸುಬುದಾರ’. ಹೆಣ್ಣು ದೇವನಕ್ಕಿ ಒಂದು ಗಂಡಿಗೆ ನಾಲ್ಕು ಮೊಟ್ಟೆ ಇಟ್ಟುಕೊಟ್ಟು ಇನ್ನೊಂದು ಗಂಡಿನ ಕಡೆ ಹೋದರೆ ‘ನಾಚಿಕೆ ಬಿಟ್ಟವಳು’. ಇದು ಹಕ್ಕಿಗಳ ವಿಷಯ ಅಲ್ಲ, ನಮ್ಮ ಮನೆ ಜಗುಲಿಯ ಮಾತು. ಅಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಗೂಡು ಅಂದರೆ ನೀರಿನ ಮೇಲೆ ತೇಲುವ ಒಂದು ಹಿಡಿ ಸೊಪ್ಪು. ನೀರು ಏರಿದರೆ ಹೋಯಿತು, ಹಾವು ಬಂದರೆ ಹೋಯಿತು. ಮೊಟ್ಟೆ ಹೀಗೆ ಪದೇ ಪದೇ ಹಾಳಾಗುವ ಕಡೆ, ಗಂಡು ಕಾವು ಕೂತು ಹೆಣ್ಣು ಬೇಗ ಮತ್ತೆ ಮೊಟ್ಟೆ ಇಡುವುದೇ ಲಾಭ ಅನ್ನುವುದು ಒಂದು ವಿವರಣೆ. ಹೆಣ್ಣು ಗಂಡಿಗಿಂತ ದೊಡ್ಡದು, ಜಾಗಕ್ಕಾಗಿ ಜಗಳ ಆಡುವುದೂ ಅದೇ. ನೀವು ಬೈಯುವ ಬದಲು ಇನ್ನರ್ಧ ಗಂಟೆ ಕೂತಿದ್ದರೆ ಆ ಜಗಳ ಕಾಣುತ್ತಿತ್ತೋ ಏನೋ.

ಲೇಖನದ ಉಳಿದ ಭಾಗದ ಬಗ್ಗೆ ನಾನೇನೂ ಹೇಳುತ್ತಿಲ್ಲ. ಕಾಗುಣಿತ ನಾವು ತಿದ್ದಿಕೊಳ್ಳುತ್ತೇವೆ. ಮಿಂಚುಹುಳದ ದೀಪದ ಕತೆ ಸುಮ್ನೆ ತೆಗೆದುಬಿಡಿ. ಗೀಜಗ ಗೂಡಿಗೆ ಹಸಿ ಮಣ್ಣು ಮೆತ್ತುವುದು ನಿಜ, ಅದರಲ್ಲಿ ಮಿಂಚುಹುಳ ಅಂಟಿಸಿ ಬೆಳಕು ಮಾಡಿಕೊಳ್ಳುವುದು ನಿಜವಲ್ಲ.

ಈಗಿರುವ ಹಾಗೆ ಇದನ್ನು ಪ್ರಕಟಿಸುವುದಿಲ್ಲ. ತಿರಸ್ಕರಿಸುತ್ತಲೂ ಇಲ್ಲ. ಮುಂಗಾರು ಹಿಡಿದು ನಿಮ್ಮ ಈಚಲಿನಲ್ಲಿ ಮತ್ತೆ ಹಸಿರು ಗೂಡು ಇಳಿಯಲು ಶುರುವಾದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಒಂದೇ ಒಂದು ಗಂಡನ್ನು ಆರಿಸಿಕೊಳ್ಳಿ. ಅದು ಎಷ್ಟು ಅರ್ಧ ಗೂಡು ಕಟ್ಟಿತು, ಎಷ್ಟಕ್ಕೆ ಕೊಳವೆ ಬಂತು, ಎಷ್ಟು ಹಾಗೇ ಒಣಗಿ ಹೋದವು, ಹೆಣ್ಣು ಯಾವುದನ್ನು ನೋಡಿ ವಾಪಸ್ ಹೋಯಿತು, ದಿನಾಂಕ ಹಾಕಿ ಬರೆಯಿರಿ. ಒಪ್ಪಿದ ಗೂಡು ಎಷ್ಟು ಎತ್ತರದಲ್ಲಿತ್ತು, ಬಾವಿಯ ಮೇಲಿತ್ತೋ ನೆಲದ ಮೇಲಿತ್ತೋ ಅದನ್ನೂ ಬರೆಯಿರಿ. ಆ ನೋಟ್‌ಬುಕ್ಕನ್ನೇ ಕಳಿಸಿದರೂ ಸಾಕು, ನಾನು ಓದುತ್ತೇನೆ.