ಮೊದಲು ಕ್ಷಣ ಆರಿಸಿ, ಆಮೇಲೆ ಹಲಗೆ ಕೊಯ್ಸಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಯುದ್ಧದ ಡಯೋರಾಮಾ (ಪುಟ್ಟ ಮಾದರಿಗಳಲ್ಲಿ ಕಟ್ಟಿದ ದೃಶ್ಯ)

ಟ್ಯಾಂಕ್ ಕಿಟ್ ಜೋಡಿಸುವುದು ಹೇಗೆ, ಬಣ್ಣ ಹೊಡೆಯುವುದು ಹೇಗೆ ಅಂತ ಈ ಸಲ ಹೇಳುವುದಿಲ್ಲ. ಪೆಟ್ಟಿಗೆಯಲ್ಲೇ ಹಾಳೆ ಇರುತ್ತದೆ, ಓದಿಕೊಳ್ಳಿ. ನನಗೆ ಬರುವ ಪತ್ರಗಳು ಬಹಳಷ್ಟು ಒಂದೇ ತಪ್ಪಿನ ಸುತ್ತ ತಿರುಗುತ್ತವೆ. ಟ್ಯಾಂಕನ್ನು ಚೆನ್ನಾಗಿಯೇ ಮಾಡಿರುತ್ತಾರೆ. ತಿಂಗಳುಗಟ್ಟಲೆ ಕೂತು ಮಾಡಿರುತ್ತಾರೆ. ಕೊನೆಗೆ ಕೈಗೆ ಸಿಕ್ಕ ಹಲಗೆಗೆ ಅಂಟಿಸಿ, ಸುತ್ತ ಮಣ್ಣು ಉದುರಿಸಿ, ಫೋಟೋ ಕಳಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಈ ಸಲ ಬರೀ ಬೇಸ್ (ದೃಶ್ಯ ನಿಲ್ಲುವ ತಳ) ಮತ್ತು ಜೋಡಣೆಯ ಮಾತು.

ಪ್ರಶ್ನೆ: 1965ರ ಭಾರತ-ಪಾಕಿಸ್ತಾನ ಯುದ್ಧದ ಅಸಲ್ ಉತ್ತರ್ ಕಾಳಗದ ಡಯೋರಾಮಾ ಮಾಡುತ್ತಿದ್ದೇನೆ. ಅಬ್ದುಲ್ ಹಮೀದ್ ಅವರ ಜೀಪ್ ಒಂದು, ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್ ಮೂರು, ಎಲ್ಲವೂ 1/35 ಅಳತೆಯವು (ನಿಜದ 35ರಲ್ಲಿ ಒಂದು ಪಾಲು). ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಕೊಯ್ಸಿ ಇಟ್ಟಿದ್ದೇನೆ. ಇದರ ಮೇಲೆ ಇವನ್ನೆಲ್ಲ ಹೇಗೆ ಜೋಡಿಸಲಿ? (ಹರಿಹರದ ಓದುಗರು)

ಜೋಡಿಸಬೇಡಿ. ಆ ಹಲಗೆ ಪಕ್ಕಕ್ಕಿಡಿ. ಹಲಗೆ ಮೊದಲು ಕೊಯ್ಸಿ ದೃಶ್ಯ ಆಮೇಲೆ ಹುಡುಕುವುದೇ ಎಲ್ಲ ತಪ್ಪಿನ ಮೂಲ.

ಮೊದಲು ಲೆಕ್ಕ ಹಾಕೋಣ. 1/35ರಲ್ಲಿ ನಿಮ್ಮ ಎರಡು ಅಡಿ ಅಂದರೆ ನಿಜದಲ್ಲಿ ಸುಮಾರು 21 ಮೀಟರ್. ಒಂದೂವರೆ ಅಡಿ ಅಂದರೆ 16 ಮೀಟರ್. ಪ್ಯಾಟನ್ ಒಂದೊಂದೂ ನಳಿಗೆ ಸೇರಿ 9 ಮೀಟರಿಗಿಂತ ಜಾಸ್ತಿ ಉದ್ದ, ಮೂರೂವರೆ ಮೀಟರಿಗಿಂತ ಜಾಸ್ತಿ ಅಗಲ. ಅಂಥ ಮೂರನ್ನು, ಜೊತೆಗೆ ಜೀಪನ್ನು, 21 ಮೀಟರ್ ಜಾಗದಲ್ಲಿ ನಿಲ್ಲಿಸಿದರೆ ಅದು ಯುದ್ಧಭೂಮಿ ಆಗುವುದಿಲ್ಲ, ಬಸ್ ನಿಲ್ದಾಣ ಆಗುತ್ತದೆ. ಟ್ಯಾಂಕಿಗೂ ಜೀಪಿಗೂ ನಡುವೆ 200 ಮೀಟರ್ ತೋರಿಸಬೇಕು ಅಂದರೂ ಈ ಅಳತೆಯಲ್ಲಿ ಸುಮಾರು 5.7 ಮೀಟರ್ ಬೇಕು. ನಿಮ್ಮ ಹಾಲ್ ಅಷ್ಟು ಉದ್ದ ಇದೆಯೇ?

ಅಂದರೆ ಒಂದೇ ಬೇಸ್ ಮೇಲೆ ಇಡೀ ಕಾಳಗ ಬರುವುದಿಲ್ಲ. ಒಂದು ಕ್ಷಣ ಮಾತ್ರ ಬರುತ್ತದೆ. ಯಾವ ಕ್ಷಣ ಅನ್ನುವುದನ್ನು ನೀವು ಆರಿಸಬೇಕು. ಈ ಕಾಳಗದಲ್ಲಿ ನನಗೆ ಎರಡು ಕಾಣುತ್ತವೆ.

ಒಂದು, ಜೀಪ್. ಕಂಪನಿ ಕ್ವಾರ್ಟರ್ ಮಾಸ್ಟರ್ ಹವಿಲ್ದಾರ್ ಅಬ್ದುಲ್ ಹಮೀದ್ ಕಬ್ಬಿನ ಮರೆಯಿಂದ ಜೀಪಿನ ಮೇಲಿನ ಒದೆತವಿಲ್ಲದ 106 ಮಿ.ಮೀ. ಆರ್‌ಸಿಎಲ್ ಗನ್ ಹಾರಿಸಿದವರು. ಅಲ್ಲೇ ಪ್ರಾಣ ಕೊಟ್ಟರು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಅವರ ಜೀಪ್ ತೆರೆದ ಜೀಪ್. ಸುತ್ತ ಉಕ್ಕಿನ ತಗಡು ಒಂದೂ ಇಲ್ಲ. ಎದುರಿಗಿದ್ದದ್ದು ಸುಮಾರು 45 ಟನ್ ತೂಕದ ಟ್ಯಾಂಕ್. ನೋಡುವವರಿಗೆ ಈ ಅಂತರ ತಟ್ಟಬೇಕು. ಪಕ್ಕದಲ್ಲೇ ಮೂರು ಪ್ಯಾಟನ್ ತುರುಕಿದರೆ ಎಲ್ಲರೂ ಟ್ಯಾಂಕ್ ನೋಡುತ್ತಾರೆ, ಆ ಮನುಷ್ಯ ಕಾಣುವುದೇ ಇಲ್ಲ. ಆದ್ದರಿಂದ ಈ ದೃಶ್ಯದಲ್ಲಿ ಟ್ಯಾಂಕೇ ಬೇಡ. ಗನ್ನಿನ ನಳಿಗೆ, ಜೀಪಿನವರ ಕಣ್ಣು, ಎಲ್ಲವೂ ಬೇಸಿನ ಅಂಚಿನಾಚೆ ಒಂದೇ ಕಡೆ ತಿರುಗಿರಲಿ. ಟ್ಯಾಂಕ್ ಎಲ್ಲಿದೆ ಅನ್ನುವುದು ನೋಡುವವರಿಗೆ ತಾನಾಗಿ ಗೊತ್ತಾಗುತ್ತದೆ.

ಈ ಜೀಪ್ 1/35ರಲ್ಲಿ ಒಂಬತ್ತೂವರೆ ಸೆಂ.ಮೀ. ಉದ್ದ ಬರುತ್ತದೆ. ಗನ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ. 25 ಸೆಂ.ಮೀ.ಗೆ 20 ಸೆಂ.ಮೀ. ಬೇಸ್ ಧಾರಾಳ ಸಾಕು. ಕಬ್ಬು ನಮ್ಮ ಕಡೆಯ ಬೆಳೆಯೇ, ಹೊಲಕ್ಕೆ ಹೋಗಿ ಅಳೆದು ಬನ್ನಿ. ಎರಡೂವರೆಯಿಂದ ಮೂರು ಮೀಟರ್ ಎತ್ತರ ಬೆಳೆದ ಕಬ್ಬು 1/35ರಲ್ಲಿ ಏಳರಿಂದ ಎಂಟೂವರೆ ಸೆಂ.ಮೀ. ನಿಂತಿರುವ ಸೈನಿಕನ ಬೊಂಬೆ ಐದೇ ಸೆಂ.ಮೀ. ಕಬ್ಬು ಅವನ ತಲೆಗಿಂತ ಎಷ್ಟೋ ಮೇಲೆ ನಿಲ್ಲಬೇಕು. ನನಗೆ ಬಂದ ಫೋಟೋಗಳಲ್ಲಿ ಕಬ್ಬು ಸೊಂಟದವರೆಗೆ ಇರುತ್ತದೆ. ಅಂಥ ಕಬ್ಬಿನಲ್ಲಿ ಜೀಪ್ ಅಡಗಿಸುವುದು ಹೇಗೆ?

ಸಾಲಿನಿಂದ ಸಾಲಿಗೆ ಎರಡೂವರೆಯಿಂದ ಮೂರು ಅಡಿ ಅಂದರೆ ಬೇಸ್ ಮೇಲೆ ಎರಡರಿಂದ ಎರಡೂವರೆ ಸೆಂ.ಮೀ. ಜೀಪಿನ ಅಗಲ ನಾಲ್ಕೂವರೆ ಸೆಂ.ಮೀ. ಅಂದರೆ ಸಾಲುಗಳ ನಡುವೆ ಜೀಪ್ ಹೋಗುವುದಿಲ್ಲ, ಕಬ್ಬು ಮುರಿಯಲೇಬೇಕು. ಜೀಪಿನ ಹಿಂದೆ ಚಕ್ರ ಹೋದ ಕಡೆ ಮುರಿದು ಮಲಗಿದ ಕಬ್ಬು ತೋರಿಸಿ. ಅಥವಾ ಜೀಪನ್ನು ಹೊಲದ ಬದುವಿನ ಪಕ್ಕ, ಕಬ್ಬಿನ ಅಂಚಿಗೆ ನಿಲ್ಲಿಸಿ. ನಾನಾದರೆ ಬದುವಿನ ಪಕ್ಕವೇ ನಿಲ್ಲಿಸುತ್ತೇನೆ.

ಇನ್ನೊಂದು ಮಾತು. ಆರ್‌ಸಿಎಲ್ ಗನ್ ಹಾರಿಸಿದಾಗ ಒದೆತ ಇರಬಾರದು ಅಂತ ಹಿಂಬದಿಯಿಂದ ಬಿಸಿ ಗಾಳಿ, ಬೆಂಕಿ ಹೊರಗೆ ನುಗ್ಗುವಂತೆ ಮಾಡಿರುತ್ತಾರೆ. ಗುಂಡು ಹಾರುವ ಕ್ಷಣ ತೋರಿಸುವುದಾದರೆ ಗನ್ನಿನ ಹಿಂದೆ ನೇರಕ್ಕೆ ಒಬ್ಬರೂ ನಿಂತಿರಬಾರದು. ಗುಂಡು ತುಂಬುವವನನ್ನು ಪಕ್ಕಕ್ಕೆ ನಿಲ್ಲಿಸಿ. ಹಿಂದೆ ನಿಲ್ಲಿಸಿದರೆ ನಿಮ್ಮ ದೃಶ್ಯದಲ್ಲಿ ನಮ್ಮವನನ್ನು ನೀವೇ ಕೊಂದಂತೆ.

ಎರಡನೆಯ ಕ್ಷಣ, ಹೂತುಹೋದ ಪ್ಯಾಟನ್. ನಮ್ಮ ಸೈನ್ಯ ಹೊಲಗಳಿಗೆ ನೀರು ಹರಿಸಿತ್ತು. ಪ್ಯಾಟನ್‌ಗಳು ಆ ಕೆಸರಿನಲ್ಲಿ ಸಿಕ್ಕಿಬಿದ್ದವು. ಇದಕ್ಕೆ ಒಂದೇ ಟ್ಯಾಂಕ್ ಸಾಕು. ಉಳಿದ ಎರಡು ಕಿಟ್ ಮುಂದಿನ ಕೆಲಸಕ್ಕೆ ಇಟ್ಟುಕೊಳ್ಳಿ. ಬೇಸ್ 35ಕ್ಕೆ 25 ಸೆಂ.ಮೀ. ಇರಲಿ. ಗೋಪುರವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ನಳಿಗೆ ಬೇಸಿನ ಒಳಗೇ ಉಳಿಯುವಂತೆ ನೋಡಿಕೊಳ್ಳಿ. ಅಂಚಿನಾಚೆ ಚಾಚಿದರೆ ಚಂದ ಅಂತ ಕೆಲವರು ಹೇಳುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಒಂದು ವಾರದಲ್ಲಿ ಮುರಿಯುತ್ತದೆ. ನಾನು ಒಪ್ಪುವುದಿಲ್ಲ.

ಟ್ಯಾಂಕ್ ಹೇಗೆ ಹೂಳುತ್ತದೆ ಅಂತ ಪುಸ್ತಕದಲ್ಲಿ ಹುಡುಕಬೇಡಿ. ಭದ್ರಾ ನಾಲೆಗೆ ನೀರು ಬಿಟ್ಟಾಗ ಗದ್ದೆ ಕಡೆ ಹೋಗಿ. ಟ್ರ್ಯಾಕ್ಟರ್ ಹೂತ ಕಡೆ ನಿಂತು ನೋಡಿ. ಅದು ಸಮವಾಗಿ ಇಳಿಯುವುದಿಲ್ಲ, ಒಂದು ಕಡೆ ಜಾಸ್ತಿ ಇಳಿದು ವಾಲುತ್ತದೆ. ತುಳಿದ ಕೆಸರು ಎಲ್ಲಿಗೂ ಮಾಯವಾಗುವುದಿಲ್ಲ, ಎರಡೂ ಪಕ್ಕ ಉಬ್ಬಿ ನಿಲ್ಲುತ್ತದೆ. ಹಿಂದಿನ ಜಾಡಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಈ ಮೂರು ಇದ್ದರೆ ಹೂತಂತೆ ಕಾಣುತ್ತದೆ. ಚೈನಿಗೆ ಕಂದು ಬಣ್ಣ ಬಳಿದು ಹಲಗೆ ಮೇಲೆ ಇಟ್ಟರೆ ತೊಳೆಯದ ಟ್ಯಾಂಕಿನಂತೆ ಕಾಣುತ್ತದೆ, ಅಷ್ಟೇ.

ಬೇಸಿನ ಆಳದ ಮಾತು ಬರುವುದು ಇಲ್ಲೇ. ಚಕ್ರ ಅರ್ಧ ಮುಳುಗಬೇಕು ಅಂದರೂ ಒಂದು ಸೆಂ.ಮೀ. ಆಳ ಬೇಕು. ಟ್ಯಾಂಕ್ ವಾಲಬೇಕಾದರೆ ಇನ್ನೂ ಬೇಕು. ಬರೀ ಹಲಗೆಯಲ್ಲಿ ತೋಡಲು ಆಗುವುದಿಲ್ಲ. ಕೆಳಗೆ 12 ಮಿ.ಮೀ. ಪ್ಲೈವುಡ್, ಅದರ ಮೇಲೆ ಮೂರು ನಾಲ್ಕು ಸೆಂ.ಮೀ. ದಪ್ಪದ ಎಕ್ಸ್‌ಪಿಎಸ್ ಫೋಮ್ (ಗಟ್ಟಿ ಥರ್ಮಾಕೋಲಿನಂಥ ಹಾಳೆ) ಅಂಟಿಸಿ, ಸುತ್ತ ಮರದ ಪಟ್ಟಿ ಹೊಡೆಸಿ. ಆಮೇಲೆ ನೆಲವನ್ನು ಮೇಲಿನಿಂದ ಕೆಳಕ್ಕೆ ಕೆತ್ತಿ. ಫೋಮ್ ಕತ್ತರಿಸಲು ಬಿಸಿ ತಂತಿ ಬಳಸುವವರು ಬಾಗಿಲು ಕಿಟಕಿ ತೆರೆದಿಡಿ. ಆ ಹೊಗೆ ಒಳ್ಳೆಯದಲ್ಲ. ನಾನು ಮಹಡಿ ಮೇಲೆ ಬಯಲಲ್ಲೇ ಕತ್ತರಿಸುತ್ತೇನೆ.

ಎಂಡಿಎಫ್ ಯಾಕೆ ಬೇಡ? ನೀರು ಕುಡಿದು ಉಬ್ಬುತ್ತದೆ. ನನ್ನ ಮೊದಲ ದೊಡ್ಡ ಕೆಲಸ ಹಾಗೇ ಹಾಳಾಯಿತು. ನೆಲಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ದಪ್ಪಗೆ ಬಳಿದು ಫ್ಯಾನ್ ಕೆಳಗೆ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹಲಗೆ ಬಿಲ್ಲಿನ ಹಾಗೆ ಬಾಗಿತ್ತು. ಅಂಚು ಉಬ್ಬಿ ಪಟ್ಟಿ ಕಿತ್ತುಬಂದಿತ್ತು. ಆರು ತಿಂಗಳ ಕೆಲಸ. ಅಂದಿನಿಂದ ಪ್ಲೈವುಡ್ ಆದರೂ ಸರಿ, ಮೇಲೂ ಕೆಳಗೂ ಅಂಚಿಗೂ ಎರಡು ಕೈ ವಾರ್ನಿಷ್ ಹೊಡೆಯದೆ ಮುಂದಕ್ಕೆ ಹೋಗುವುದಿಲ್ಲ. ಒಂದೇ ಮೈಗೆ ಹೊಡೆದರೆ ಇನ್ನೊಂದು ಮೈ ತೇವ ಎಳೆದುಕೊಂಡು ಬಾಗುತ್ತದೆ. ಎರಡೂ ಮೈ ಅಂದರೆ ಎರಡೂ ಮೈ.

ಈಗ ಜೋಡಣೆ. ಹಳೇ ಪೇಪರ್ ಹರಡಿ. ಅದರ ಮೇಲೆ ಟ್ಯಾಂಕ್, ಬೊಂಬೆ, ಕಬ್ಬಿನ ಬದಲು ಕಡ್ಡಿ, ಎಲ್ಲವನ್ನೂ ಅಂಟು ಹಾಕದೆ ಇಡಿ. ಒಂದು ವಾರ ಹಾಗೇ ಬಿಡಿ. ಹೋಗುತ್ತಾ ಬರುತ್ತಾ ಸ್ವಲ್ಪ ಸ್ವಲ್ಪ ಸರಿಸಿ. ಟ್ಯಾಂಕನ್ನು ಅಂಚಿಗೆ ಸಮಾನಾಂತರವಾಗಿ ಇಡಬೇಡಿ, ಓರೆಯಾಗಿರಲಿ. ನಡು ಮಧ್ಯಕ್ಕೂ ಇಡಬೇಡಿ. ಎತ್ತರದ್ದೆಲ್ಲ ಹಿಂದಿನ ಒಂದು ಮೂಲೆಗೆ ಬರಲಿ, ಅಲ್ಲಿಂದ ಮುಂದಕ್ಕೆ ಇಳಿಯುತ್ತಾ ಬರಲಿ. ಕಬ್ಬಿನ ಸಾಲು, ಬದು, ಚೈನಿನ ಜಾಡು ಅಂಚಿನಲ್ಲಿ ತುಂಡಾಗಿ ನಿಲ್ಲಲಿ. ಹೊಲ ಆಚೆಗೂ ಇದೆ ಅನ್ನಿಸುವುದು ಅದರಿಂದಲೇ. ಖಾಲಿ ಜಾಗ ಕಂಡ ಕೂಡಲೇ ಡ್ರಮ್ಮು, ಪೆಟ್ಟಿಗೆ, ನಾಯಿ ಅಂತ ತುಂಬಿಸಬೇಡಿ. ಖಾಲಿ ಇರಲಿ.

ದಿನಾ ಒಂದು ಫೋಟೋ ತೆಗೆಯಿರಿ. ಮೇಲಿನಿಂದ ಅಲ್ಲ. ಮೊಬೈಲನ್ನು ಬೊಂಬೆಯ ಕಣ್ಣಿನ ಎತ್ತರಕ್ಕೆ, ಅಂದರೆ ನೆಲದಿಂದ ಐದು ಸೆಂ.ಮೀ. ಮೇಲೆ ಹಿಡಿದು ತೆಗೆಯಿರಿ. ಯಾವುದು ಯಾವುದಕ್ಕೆ ಅಡ್ಡ ಬರುತ್ತಿದೆ ಅಂತ ಆಗ ಗೊತ್ತಾಗುತ್ತದೆ. ಒಂದು ವಾರ ಆದ ಮೇಲೆ ಪೇಪರ್ ಮೇಲೆ ಸುತ್ತ ಗೆರೆ ಎಳೆಯಿರಿ. ಆ ಗೆರೆಯೇ ನಿಮ್ಮ ಬೇಸಿನ ಅಳತೆ. ಆಗ ಬಡಗಿ ಹತ್ತಿರ ಹೋಗಿ.

ಕೊನೆಯದಾಗಿ ಮಣ್ಣು. ದಾವಣಗೆರೆ, ಚಿತ್ರದುರ್ಗದವರು ಯಾವ ಯುದ್ಧ ಮಾಡಿದರೂ ನೆಲ ಕೆಂಪಗಿರುತ್ತದೆ, ಮೂಲೆಗೊಂದು ಬಂಡೆ ಇರುತ್ತದೆ. ಅಸಲ್ ಉತ್ತರ್ ಇರುವ ಖೇಮ್ ಕರಣ್ ಪ್ರದೇಶ ಪಂಜಾಬಿನಲ್ಲಿದೆ. ಅಲ್ಲಿ ನದಿ ತಂದು ಹಾಕಿದ ಬೂದುಗಂದು ಮಣ್ಣು, ಚಪ್ಪಟೆ ನೆಲ. ಬಂಡೆ ಇಲ್ಲ, ಕೆಂಪು ಮಣ್ಣಿಲ್ಲ, ನಮ್ಮ ಎರೆಮಣ್ಣೂ ಇಲ್ಲ. ಕಿಟಕಿಯಾಚೆ ಕಾಣುವುದನ್ನು ಅಲ್ಲಿಗೆ ಒಯ್ಯಬೇಡಿ.

ಪ್ರಶ್ನೆ: ಎರೆ ಮಣ್ಣನ್ನೇ ಮೈದಾ ಅಂಟಿನಲ್ಲಿ ಕಲಸಿ ಬಳಿದರೆ ನೈಜವಾಗಿ ಬರುತ್ತದಂತೆ, ನಿಜವೇ? (ಜಗಳೂರು)

ಸುಳ್ಳು. ಮೈದಾಕ್ಕೆ ಜಿರಳೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ವಾಲ್ ಪುಟ್ಟಿ, ಫೆವಿಕಾಲ್, ಜರಡಿ ಹಿಡಿದ ಸಣ್ಣ ಮರಳು, ಸ್ವಲ್ಪ ಅಕ್ರಿಲಿಕ್ ಬಣ್ಣ ಕಲಸಿ ತೆಳ್ಳಗೆ ಬಳಿಯಿರಿ. ಏಪ್ರಿಲ್ ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಒಣಗಲಿ.

ಪ್ರಶ್ನೆ: ಥರ್ಮಾಕೋಲ್ ಮೇಲೆ ಸ್ಪ್ರೇ ಬಣ್ಣ ಹೊಡೆದೆ, ಕರಗಿಹೋಯಿತು. ಯಾಕೆ? (ಚನ್ನಗಿರಿ)

ಸ್ಪ್ರೇ ಡಬ್ಬಿಯಲ್ಲಿ ಇರುವ ದ್ರಾವಕ ಥರ್ಮಾಕೋಲನ್ನು ತಿನ್ನುತ್ತದೆ. ಮೊದಲು ಫೆವಿಕಾಲ್ ಬಳಿದು ಪೂರ್ತಿ ಮುಚ್ಚಿ, ಆಮೇಲೆ ನೀರಿನ ಬಣ್ಣ ಹಚ್ಚಿ.

ಪ್ರಶ್ನೆ: ಗದ್ದೆ ನೀರು ತೋರಿಸಲು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಒಂದೇ ಸಲ ಸುರಿಯಬಹುದು ಅಂತ ತರಬೇತಿಯಲ್ಲಿ ಹೇಳಿಕೊಟ್ಟರು. ಸುರಿಯಲೇ? (ದಾವಣಗೆರೆ)

ಬೇಡ. ದುಡ್ಡು ತೆಗೆದುಕೊಂಡು ಇಂಥದ್ದನ್ನು ಹೇಳಿಕೊಡುವವರ ಮೇಲೆ ನನಗೆ ಸಿಟ್ಟಿದೆ. ರೆಸಿನ್ ಗಟ್ಟಿಯಾಗುವಾಗ ಕಾಯುತ್ತದೆ. ದಪ್ಪಗೆ ಸುರಿದಷ್ಟೂ ಜಾಸ್ತಿ ಕಾದು ಬಿರುಕು ಬಿಡುತ್ತದೆ, ಕೆಳಗಿನ ಫೋಮ್ ಕೂಡ ಕುಗ್ಗುತ್ತದೆ. ಎರಡು ಮೂರು ಮಿ.ಮೀ. ಸುರಿದು, ಗಟ್ಟಿಯಾದ ಮೇಲೆ ಇನ್ನೊಂದು ಪದರ. ಎಪಾಕ್ಸಿ ಮಾತ್ರ ತನ್ನಿ. ಫೈಬರ್ ಕೆಲಸದ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ರೆಸಿನ್ ಫೋಮನ್ನೇ ಕರಗಿಸುತ್ತದೆ. ಸುರಿಯುವ ಮೊದಲು ಗಾರೆಯವರ ರಸಮಟ್ಟ ಇಟ್ಟು ಬೇಸ್ ಸಮ ಇದೆಯೇ ನೋಡಿ. ಕೈಗವಸು ಹಾಕಿಕೊಳ್ಳಿ. ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಮಾಡಲೇಬೇಡಿ.

ಪ್ರಶ್ನೆ: ಕಬ್ಬಿಗೆ ತೆಂಗಿನ ಪೊರಕೆ ಕಡ್ಡಿ ಆಗುತ್ತದೆಯೇ? (ಹೊನ್ನಾಳಿ)

ಆಗುವುದಿಲ್ಲ. ಎರಡು ಮಿ.ಮೀ. ಕಡ್ಡಿ 1/35ರಲ್ಲಿ ಏಳು ಸೆಂ.ಮೀ. ದಪ್ಪದ ಬಿದಿರಾಗುತ್ತದೆ. ಒಂದು ಮಿ.ಮೀ. ಒಳಗಿನ ತಾಮ್ರದ ತಂತಿ, ಅದಕ್ಕೆ ತೆಳು ಕಾಗದದ ಗರಿ.

ಪ್ರಶ್ನೆ: ಗೋಲ್ಡನ್ ರೇಶಿಯೋ (ಉದ್ದ ಅಗಲಕ್ಕೆ ಹೇಳುವ ಸುಮಾರು 1.6ಕ್ಕೆ 1ರ ಅನುಪಾತ) ಪ್ರಕಾರವೇ ಬೇಸ್ ಕೊಯ್ಸಬೇಕೇ? (ಹಿರಿಯೂರು)

ಬೇಕಿಲ್ಲ.

ಪ್ರಶ್ನೆ: ಓಬವ್ವನ ಕಿಂಡಿಯ ದೃಶ್ಯಕ್ಕೆ ಕೋಟೆಯಿಂದಲೇ ಒಂದೆರಡು ಕಲ್ಲು ತಂದು ಬಳಸಿದರೆ ಚೆನ್ನಾಗಿರುತ್ತದೆ ಅಲ್ವಾ? (ಚಿತ್ರದುರ್ಗ)

ದಯವಿಟ್ಟು ಮುಟ್ಟಬೇಡಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೋಟೆ. ಒಬ್ಬೊಬ್ಬರೂ ಒಂದೊಂದು ಕಲ್ಲು ತಂದರೆ ಏನು ಉಳಿಯುತ್ತದೆ? ನಿಜವಾದ ಕಲ್ಲು ಈ ಕೆಲಸಕ್ಕೆ ಒಗ್ಗುವುದೂ ಇಲ್ಲ. ಅದರ ಐದು ಮಿ.ಮೀ. ಹರಳು 1/35ರಲ್ಲಿ ಮುಕ್ಕಾಲು ಗೇಣಿನಷ್ಟು ದೊಡ್ಡದಾಗಿ ಕಾಣುತ್ತದೆ. ಫೋಮಿನಲ್ಲಿ ಬಂಡೆ ಕೆತ್ತಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮುದುಡಿ ಅದರ ಮೈಮೇಲೆ ಒತ್ತಿ. ದುರ್ಗದ ಬಂಡೆ ಚೂಪಲ್ಲ, ಗಾಳಿ ಮಳೆಗೆ ಸವೆದು ಗುಂಡಗಾಗಿದೆ. ಮೂಲೆಗಳನ್ನು ಉಜ್ಜಿ.

ಈ ದೃಶ್ಯಕ್ಕೆ ಅಗಲ ಬೇಡ, ಎತ್ತರ ಬೇಕು. 15 ಸೆಂ.ಮೀ. ಚೌಕದ ಬೇಸ್ ಸಾಕು, ಬಂಡೆ ಅದಕ್ಕಿಂತ ಎತ್ತರಕ್ಕೆ ಏಳಲಿ. ಹೈದರಾಲಿಯ ಸೈನಿಕರನ್ನು ಸಾಲಾಗಿ ನಿಲ್ಲಿಸಬೇಡಿ. ಕಿಂಡಿಯಿಂದ ಒಬ್ಬನ ತಲೆ, ಒಂದು ಕೈ ಮಾತ್ರ ಹೊರಬಂದಿರಲಿ. ಓಬವ್ವ ಒನಕೆ ಎತ್ತಿ ನಿಂತಿರಲಿ, ಹೊಡೆಯುವುದಕ್ಕೆ ಇನ್ನೂ ಒಂದು ಉಸಿರು ಬಾಕಿ ಇರಲಿ. ಕಿಂಡಿಯ ಅಳತೆಗೆ ಕೋಟೆಗೆ ಹೋಗಿ, ಪಕ್ಕದಲ್ಲಿ ಗೆಳೆಯರನ್ನು ನಿಲ್ಲಿಸಿ ಫೋಟೋ ತೆಗೆದುಕೊಳ್ಳಿ. ಅವರ ಎತ್ತರ ಗೊತ್ತಿದ್ದರೆ ಕಿಂಡಿಯ ಅಳತೆ ಮನೆಯಲ್ಲಿ ಕೂತೇ ಲೆಕ್ಕ ಹಾಕಬಹುದು. ಬೆಳಿಗ್ಗೆ ಬೇಗ ಹೋಗಿ, ಹೊತ್ತು ಏರಿದ ಮೇಲೆ ಬಂಡೆ ಕಾದು ನಿಲ್ಲಲು ಆಗುವುದಿಲ್ಲ.