ಫೋನ್‌ನಲ್ಲಿ ತೆಗೆದ ಕಿರುಚಿತ್ರವನ್ನು ಫೋನ್‌ನಲ್ಲೇ ಎಡಿಟ್ ಮಾಡಲು ಯಾವ ಆ್ಯಪ್ ಒಳ್ಳೆಯದು?

ಕಂಪ್ಯೂಟರ್ ಇಲ್ಲ, ಆಂಡ್ರಾಯ್ಡ್ ಫೋನ್ ಇದೆ, ಹತ್ತು ನಿಮಿಷದ ಕಿರುಚಿತ್ರ ಶೂಟ್ ಆಗಿದೆ, ಮಾತು ಬೇರೆ ರೆಕಾರ್ಡರ್‌ನಲ್ಲಿದೆ ಅಂದಿದ್ದೀರಿ. ಹಾಗಾದರೆ ವಿಎನ್ (VN) ಅನ್ನುವ ಎಡಿಟಿಂಗ್ ಆ್ಯಪ್‌ನಿಂದ ಶುರು ಮಾಡಿ. ದುಡ್ಡು ಕೊಡದೆಯೇ ಬಹಳಷ್ಟು ಕೆಲಸ ಆಗುತ್ತದೆ, ಚಿತ್ರದ ಮೇಲೆ ವಾಟರ್‌ಮಾರ್ಕ್, ಅಂದರೆ ಆ್ಯಪ್‌ನ ಗುರುತು, ಬೀಳುವುದಿಲ್ಲ. ಕೈನ್‌ಮಾಸ್ಟರ್ ಕೂಡ ಗಟ್ಟಿ ಆ್ಯಪ್. ಆದರೆ ಚಂದಾ ಕಟ್ಟದಿದ್ದರೆ ಅದರ ಗುರುತು ಚಿತ್ರದ ಮೇಲೆ ಉಳಿದುಬಿಡುತ್ತದೆ. ಸ್ವಲ್ಪ ಖರ್ಚು ಮಾಡಬಹುದು ಅನ್ನುವುದಾದರೆ ಲೂಮಾಫ್ಯೂಷನ್ ನೋಡಿ. ಮೊದಲು ಐಫೋನ್, ಐಪ್ಯಾಡ್‌ಗಷ್ಟೇ ಇತ್ತು, 2022ರಲ್ಲಿ ಆಂಡ್ರಾಯ್ಡ್‌ಗೂ ಬಂತು. ಮುಖ್ಯ ಆ್ಯಪ್ ಅನ್ನು ಒಮ್ಮೆ ಕೊಂಡರೆ ಸಾಕು.

ಫಿಲ್ಟರ್ ಎಷ್ಟಿದೆ, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಾರುವ ಟ್ರಾನ್ಸಿಷನ್ ಎಷ್ಟಿದೆ ಅಂತ ಎಣಿಸಬೇಡಿ. ಕಥೆ ಹೇಳುವ ಚಿತ್ರಕ್ಕೆ ಅವು ಬೇಕಾಗುವುದೇ ಕಡಿಮೆ. ನಾನು ಯಾವುದೇ ಆ್ಯಪ್‌ನಲ್ಲಿ ಮೊದಲು ನೋಡುವುದು ಒಂದನ್ನೇ: ಧ್ವನಿಯನ್ನು ದೃಶ್ಯದಿಂದ ಬಿಡಿಸಿ, ಬೇರೆ ಟ್ರ್ಯಾಕ್‌ನಲ್ಲಿ (ಚಿತ್ರದ ಕೆಳಗಿನ ಪ್ರತ್ಯೇಕ ಸಾಲಿನಲ್ಲಿ) ಇಟ್ಟು, ಬೇಕಾದ ಕಡೆ ಕತ್ತರಿಸಲು ಬಿಡುತ್ತದೆಯೇ? ಅಷ್ಟಕ್ಕೆ ಅವಕಾಶ ಕೊಟ್ಟರೆ ಅದರಲ್ಲಿ ಸಿನಿಮಾ ಎಡಿಟ್ ಮಾಡಬಹುದು.

ಯಾಕೆ ಅಂತೀರಾ? ಮಗ ಮನೆ ಬಿಟ್ಟು ಹೋಗುತ್ತೇನೆ ಅಂತ ತಾಯಿಗೆ ಹೇಳುವ ದೃಶ್ಯ ಇದೆ ಅಂದುಕೊಳ್ಳಿ. ಮಾತಾಡುವವರ ಮುಖವನ್ನೇ ತೋರಿಸುತ್ತಾ ಹೋದರೆ ಸುಮ್ನೆ ಅತ್ತಿತ್ತ ನೋಡಿದ ಹಾಗಿರುತ್ತದೆ. ಮಗನ ಮಾತು ಇನ್ನೂ ನಡೆಯುತ್ತಿರುವಾಗಲೇ ತಾಯಿಯ ಮುಖಕ್ಕೆ ಬನ್ನಿ. ಆ ಮಾತು ಅವಳಿಗೆ ಹೇಗೆ ತಾಗಿತು ಅನ್ನುವುದು ಅಲ್ಲಿ ಕಾಣುತ್ತದೆ. ಇದನ್ನು ಎಲ್ ಕಟ್ ಅನ್ನುತ್ತಾರೆ. ಮುಂದಿನ ದೃಶ್ಯದ ಸದ್ದು ಮೊದಲೇ ಕೇಳಿಸಿ ಚಿತ್ರ ಆಮೇಲೆ ಬಂದರೆ ಅದು ಜೆ ಕಟ್. ಇವೆರಡು ಕೈಗೆ ಹತ್ತಿದರೆ ಫೋನ್‌ನಲ್ಲಿ ತೆಗೆದದ್ದು ಅನ್ನುವುದನ್ನೇ ನೋಡುವವರು ಮರೆಯುತ್ತಾರೆ.

ಇನ್ನೊಂದು ವಿಷಯ. ಶೂಟ್ ಮಾಡಿದ ಜಾಗಕ್ಕೆ ಮತ್ತೆ ಹೋಗಲು ಆದರೆ, ಯಾರೂ ಮಾತಾಡದೆ ಅಲ್ಲಿನ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಇದೇ ರೂಮ್ ಟೋನ್. ಪ್ರತಿ ಶಾಟ್‌ನ ಹಿನ್ನೆಲೆ ಸದ್ದು ಬೇರೆ ಬೇರೆ ಇರುತ್ತದೆ, ಕಟ್ ಆದ ಕಡೆಯಲ್ಲೆಲ್ಲ ಕಿವಿಗೆ ಚುಚ್ಚುತ್ತದೆ. ರೂಮ್ ಟೋನ್ ಅನ್ನು ಇಡೀ ದೃಶ್ಯದ ಕೆಳಗೆ ಸಣ್ಣಗೆ ಹಾಸಿದರೆ ಆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಹಿನ್ನೆಲೆ ಸಂಗೀತ ತುಂಬಿ ಅದನ್ನು ಮುಚ್ಚಲು ಹೋಗಬೇಡಿ, ದಯವಿಟ್ಟು.

ಶುರುವಿನಲ್ಲಿ ಸರಿಯಿದ್ದ ಮಾತು ಹೋಗ್ತಾ ಹೋಗ್ತಾ ತುಟಿಗೆ ಹೊಂದುವುದಿಲ್ಲ ಅಂದಿರಲ್ಲ, ಅದು ಬಹುಶಃ ಆ್ಯಪ್‌ನ ತಪ್ಪಲ್ಲ. ಫೋನ್ ಕ್ಯಾಮೆರಾಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟ್ ಅನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ತೆಗೆಯಬೇಕು ಅನ್ನುವುದನ್ನು, ತಾವೇ ಏರಿಸಿ ಇಳಿಸುತ್ತವೆ. ರೆಕಾರ್ಡರ್‌ನ ಧ್ವನಿ ಮಾತ್ರ ಒಂದೇ ವೇಗದಲ್ಲಿ ಸಾಗುತ್ತದೆ. ಈಗಿರುವ ಉದ್ದ ಕ್ಲಿಪ್ ಅನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಧ್ವನಿಯನ್ನೂ ಬೇರೆಯಾಗಿ ಹೊಂದಿಸಿ. ತಾಳ್ಮೆ ಬೇಕು, ಆದರೆ ಸರಿಹೋಗುತ್ತದೆ. ಮುಂದಿನ ಸಲ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಥರದ ಆ್ಯಪ್‌ನಲ್ಲಿ ಶೂಟ್ ಮಾಡಿ. ಅದು ಉಚಿತ, 24 ಅಥವಾ 25 ಫ್ರೇಮ್ ಅಂತ ನೀವೇ ಆರಿಸಬಹುದು. ಆದರೆ ಎಲ್ಲ ಆಂಡ್ರಾಯ್ಡ್ ಫೋನ್‌ಗಳಲ್ಲೂ ನಡೆಯುವುದಿಲ್ಲ, ಮೊದಲು ನೋಡಿಕೊಳ್ಳಿ. ಎಡಿಟಿಂಗ್ ಪ್ರಾಜೆಕ್ಟ್‌ನಲ್ಲೂ ಅದೇ ಫ್ರೇಮ್ ರೇಟ್ ಇರಲಿ.

4ಕೆಯಲ್ಲಿ ತೆಗೆದಿದ್ದರೆ, ಅದರ ಅರ್ಧದಷ್ಟು ಅಗಲ ಮತ್ತು ಎತ್ತರದ 1080ಪಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಎಡಿಟ್ ಆದದ್ದನ್ನು ವಿಡಿಯೊ ಫೈಲ್ ಆಗಿ ಹೊರತೆಗೆಯಿರಿ. ಆಗ ಒಂದು ಶಾಟ್ ಅನ್ನು ಎರಡು ಪಟ್ಟು ಹತ್ತಿರಕ್ಕೆ ಎಳೆದರೂ ಚಿತ್ರ ಮಸುಕಾಗುವುದಿಲ್ಲ. ಕ್ಲೋಸಪ್ ತೆಗೆಯಲು ಬಿಟ್ಟುಹೋದ ಕಡೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಜಾಗ ಸಾಲದು ಅಂತ ಗ್ಯಾಲರಿಯಿಂದ ಮೂಲ ಕ್ಲಿಪ್‌ಗಳನ್ನು ಅಳಿಸಬೇಡಿ. ಹಲವು ಆ್ಯಪ್‌ಗಳು ಅವುಗಳ ನಕಲು ಇಟ್ಟುಕೊಳ್ಳುವುದಿಲ್ಲ, ಅಲ್ಲಿಂದಲೇ ಓದುತ್ತವೆ. ಟೈಟಲ್ ಕನ್ನಡದಲ್ಲಿ ಹಾಕುವುದಾದರೆ ಮೊದಲು ಐದು ಸೆಕೆಂಡ್ ಎಕ್ಸ್‌ಪೋರ್ಟ್ ಮಾಡಿ ನೋಡಿ. ಒತ್ತಕ್ಷರ ಒಡೆದು ಬಂದರೆ ಬೇರೆ ಫಾಂಟ್ ಹಾಕಿ, ಇಲ್ಲವೇ ಟೈಟಲ್ ಅನ್ನು ಚಿತ್ರವಾಗಿ ಮಾಡಿಕೊಂಡು ಸೇರಿಸಿ.