ಸಾಂಗ್ಪೋ ಎಂದರೇ ಹೊಳೆ

ಓದುಗರ ಪತ್ರ: ಕಳೆದ ಸಂಚಿಕೆಯ ನಕ್ಷೆಯಲ್ಲಿ ಒಂದೇ ನದಿಗೆ ಸಾಂಗ್ಪೋ, ಸಿಯಾಂಗ್, ಬ್ರಹ್ಮಪುತ್ರ ಎಂದು ಮೂರು ಹೆಸರು ಕೊಟ್ಟಿದ್ದೀರಿ. ಯಾವುದು ಸರಿ? ಮರದ ತುಂಡು ತೇಲಿಬಿಟ್ಟು ಇವೆಲ್ಲ ಒಂದೇ ನದಿ ಎಂದು ಸಾಬೀತು ಮಾಡಿದರಂತೆ, ನಿಜವೇ?

ಸಂಪಾದಕರ ಉತ್ತರ: ಮೂರೂ ಸರಿ. ನಾವು ಎಡವಿದ್ದು ಬೇರೆ ಕಡೆ. 'ಸಾಂಗ್ಪೋ ನದಿ' ಎಂದು ಅಚ್ಚು ಹಾಕಿದ್ದೆವು. ಟಿಬೆಟನ್ನಿನಲ್ಲಿ ಸಾಂಗ್ಪೋ ಎಂದರೇ ದೊಡ್ಡ ಹೊಳೆ. ದಡದ ಊರಿನವರು ತುಂಗೆಯನ್ನು ಬರೀ 'ಹೊಳೆ' ಅನ್ನುವುದಿಲ್ಲವೇ, ಹಾಗೆ. ಯಾವ ಹೊಳೆ ಎನ್ನಬೇಕಾದಾಗ ಸೀಮೆಯ ಹೆಸರು ಸೇರಿ ಯಾರ್ಲುಂಗ್ ಸಾಂಗ್ಪೋ ಆಗುತ್ತದೆ. ಅರುಣಾಚಲಕ್ಕೆ ಇಳಿದ ಮೇಲೆ ಸಿಯಾಂಗ್. ಹಳೆಯ ಬ್ರಿಟಿಷ್ ನಕ್ಷೆಗಳಲ್ಲಿ ಅದೇ ದಿಹಾಂಗ್. ಇದನ್ನು ಪಕ್ಕದ ದಿಬಾಂಗ್ ಎಂದು ಓದಿಕೊಂಡು ದಾರಿ ತಪ್ಪಿದವರು ಬಹಳ. ಪಾಸಿಘಾಟ್ ದಾಟಿ ದಿಬಾಂಗ್, ಲೋಹಿತ್ ಕೂಡಿದ ಮೇಲೆ ಬ್ರಹ್ಮಪುತ್ರ. ಅದು ಪುಲ್ಲಿಂಗ, ನದ. ಲೇಖನದಲ್ಲಿ 'ಬ್ರಹ್ಮಪುತ್ರೆ' ಎಂದದ್ದೂ ನಮ್ಮದೇ ತಪ್ಪು. ಬಾಂಗ್ಲಾದೇಶದಲ್ಲಿ ಮುಖ್ಯ ಹರಿವಿಗೆ ಜಮುನಾ ಎನ್ನುತ್ತಾರೆ. ಮೈಮನ್‌ಸಿಂಗ್ ಪಕ್ಕದ ಹಳೆಯ ಪಾತ್ರಕ್ಕೆ ಮಾತ್ರ ಇನ್ನೂ 'ಹಳೆ ಬ್ರಹ್ಮಪುತ್ರ' ಎಂಬ ಹೆಸರು ಉಳಿದಿದೆ.

ಮರದ ತುಂಡಿನ ಕಥೆ ಅರ್ಧ ನಿಜ. ಸುಮಾರು 2,900 ಮೀಟರ್ ಎತ್ತರದಲ್ಲಿ ಪೂರ್ವಕ್ಕೆ ಹರಿಯುವ ಹೊಳೆ 7,782 ಮೀಟರಿನ ನಮ್ಚಾ ಬರ್ವಾ ಶಿಖರವನ್ನು ಬಳಸಿ ಕಮರಿಯೊಳಗೆ ಕಾಣೆಯಾಗುತ್ತದೆ. ಅದು ಬರ್ಮಾದ ಐರಾವತಿಯೇ ಎಂದು ವಾದಿಸಿದ ವಿದ್ವಾಂಸರೂ ಇದ್ದರು. ಅನುಮಾನ ಬಗೆಹರಿಸಲು 1880ರಲ್ಲಿ ಸರ್ವೇ ಇಲಾಖೆ ಸಿಕ್ಕಿಂನ ಕಿಂಥುಪ್‌ನನ್ನು ಒಬ್ಬ ಲಾಮಾನ ಜೊತೆ ಕಳಿಸಿತು. ಲಾಮಾ ಅವನನ್ನೇ ಗುಲಾಮನಾಗಿ ಮಾರಿಬಿಟ್ಟ. ಕಿಂಥುಪ್ ತಪ್ಪಿಸಿಕೊಂಡು, ಒಂದು ಮಠದ ಆಸರೆಯಲ್ಲಿದ್ದುಕೊಂಡೇ ಗುರುತಿನ 500 ತುಂಡು ಸಿದ್ಧಮಾಡಿದ. ಲಾಸಾಕ್ಕೆ ನಡೆದು ಹೋಗಿ, ಇಂಥ ದಿನಗಳಲ್ಲಿ ಬಿಡುತ್ತೇನೆಂದು ಕಾಗದ ಬರೆಸಿ ಕಳಿಸಿದ. ಮಾತಿನಂತೆ ದಿನಕ್ಕೆ 50ರಂತೆ ಹತ್ತು ದಿನ ಬಿಟ್ಟ. ಕಾಗದ ತಲುಪಬೇಕಾದವರ ಕೈ ಸೇರಲಿಲ್ಲ. ಅಸ್ಸಾಮಿನಲ್ಲಿ ಕಾದು ನೋಡಲು ಯಾರೂ ಇರಲಿಲ್ಲ. ಹಾಗಾಗಿ ತುಂಡುಗಳಿಂದ ಏನೂ ಸಾಬೀತಾಗಲಿಲ್ಲ.

ಕಿಂಥುಪ್‌ಗೆ ಓದುಬರಹ ಬಾರದು. 1884ರಲ್ಲಿ ಮರಳಿದ ಅವನು ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬರೆದುಕೊಂಡರು. ಆಗ ಕಮರಿಯ ಗ್ಯಾಲಾ ಊರಿನ ಬಳಿ ಪಕ್ಕದ ತೊರೆಯ ಎತ್ತರದ ಧಾರೆಯೂ ಪೆಮಾಕೋಚುಂಗ್ ಮಠದ ಬಳಿ ಹೊಳೆಯಲ್ಲೇ ಇರುವ ಸಣ್ಣ ಧುಮುಕೂ ಬೆರೆತು, ಸಾಂಗ್ಪೋ 150 ಅಡಿ ಬೀಳುತ್ತದೆ ಎಂದಾಯಿತು. 1913ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಬೇಲಿ ಮತ್ತು ಮೋರ್ಸ್‌ಹೆಡ್ ಅಲ್ಲಿಗೇ ಹೋಗಿ ನೋಡಿದಾಗ ಹೊಳೆಯ ಧುಮುಕು 30 ಅಡಿಯಷ್ಟೇ. ಸಾಂಗ್ಪೋ, ಸಿಯಾಂಗ್ ಎರಡೂ ಒಂದೇ ನದಿ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಅವರ ಮೋಜಣಿಯಿಂದ.

ತಿದ್ದಿದ ನಕ್ಷೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಸಾಂಗ್ಪೋ ಪಕ್ಕದ 'ನದಿ' ಅದರಲ್ಲಿ ಇರುವುದಿಲ್ಲ.